ಬದನೆಯ ಸಸಿಗೆ ಆಕಾಶದ ಚಳಿ

ಮಾಸ್ತಿಕಟ್ಟೆಯ ಹೆಸರನ್ನು ಕೇಳಿದೊಡನೆ ನಾಡಿನ ಜನರಿಗೆ ನೆನಪಾಗುವುದು ಮಳೆ. ಹೊಸನಗರ ತಾಲ್ಲೂಕಿನ ಈ ಊರೂ ಇದರ ನೆರೆಯ ಹುಲಿಕಲ್ಲೂ ಮಳೆಯ ಲೆಕ್ಕದಲ್ಲಿ ಆಗುಂಬೆಯೊಡನೆ ಸ್ಪರ್ಧೆಗೆ ನಿಲ್ಲತಕ್ಕವು. ಆದುದರಿಂದ ಇಲ್ಲಿಯ ತರಕಾರಿಗೆ ಶತ್ರು ಯಾರೆಂದು ಕೇಳಿದರೆ ಎಲ್ಲರೂ ಮಳೆಯ ಕಡೆಗೇ ಬೆರಳು ತೋರಿಸುತ್ತಾರೆ. ಮಳೆ ನಿಂತ ಮೇಲೆ ಸದ್ದಿಲ್ಲದೆ ಬರುವ ಇನ್ನೊಂದು ಶತ್ರುವಿನ ವಿಚಾರವನ್ನು ಎತ್ತುವವರು ಕಡಮೆ. ಅದು ಮಾಗಿಯ ಚಳಿ. ಭತ್ತದ ಕೊಯ್ಲಾದ ಗದ್ದೆಯಲ್ಲಿಯೋ ಮನೆಯ ಹಿತ್ತಿಲಿನಲ್ಲಿಯೋ ನೆಟ್ಟ ಬದನೆಯ ಗಿಡ ಪುಷ್ಯ ಮಾಘಗಳಲ್ಲಿ ಬೆಳೆಯುವುದನ್ನೇ ಮರೆತಂತೆ ನಿಂತುಬಿಡುತ್ತದೆ. ಬೇಸಗೆಯ ಬೆಳೆಗಾಗಿ ಅದೇ ತಿಂಗಳುಗಳಲ್ಲಿ ಮಡಿಗೆ ಹಾಕಿದ ಬೀಜ ಮೊಳೆಯಲು ತಡಮಾಡುತ್ತದೆ. ಮೊಳೆತ ಸಸಿ ಹಳದಿಗೆ ತಿರುಗುತ್ತದೆ. 'ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ' ಎಂಬ ಮಾತನ್ನು ನೆಚ್ಚಿಕೊಂಡು ಮನೆಯವರು ಕಾಯುತ್ತಾರೆ. ಹಾಗೆ ಕಾದ ಒಂದೂವರೆ ತಿಂಗಳಿನಲ್ಲಿ ಒಂದು ಕುಟುಂಬದ ತರಕಾರಿಯೂ, ಸಂತೆಯಲ್ಲಿ ಮಾರಿ ಬರಬಹುದಾಗಿದ್ದ ನಾಲ್ಕು ಕಾಸೂ ಹೋಗುತ್ತವೆ.

ಈ ನಷ್ಟವನ್ನು ತಡೆಯಲು ಬೇಕಾದುದು ಹಣವಲ್ಲ, ತಿಳಿವಳಿಕೆ ಎಂಬುದು ನಮ್ಮ ಅಭಿಪ್ರಾಯ. ಆ ತಿಳಿವಳಿಕೆಯಾದರೂ ಎಲ್ಲಿಯೋ ದೂರದಲ್ಲಿಲ್ಲ. ನಮ್ಮ ಪದವಿಪೂರ್ವ ತರಗತಿಗಳ ಭೌತಶಾಸ್ತ್ರದ ಪಠ್ಯದಲ್ಲಿಯೇ ಇದೆ. ಅದನ್ನು ಪುಸ್ತಕದಿಂದ ಹಿತ್ತಿಲಿಗೆ ತರುವ ಕೆಲಸ ಮಾತ್ರ ಉಳಿದಿದೆ.

ಮೊದಲು ಗಿಡದ ಸ್ವಭಾವವನ್ನು ನೋಡೋಣ. ಬದನೆ ಬೆಚ್ಚಗಿನ ನಾಡಿನ ಸಸ್ಯ. 21ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಅದಕ್ಕೆ ಹಿತ. ಸುಮಾರು 15 ಡಿಗ್ರಿಗಿಂತ ಕೆಳಕ್ಕೆ ಹೋದರೆ ಬೆಳವಣಿಗೆ ಕುಂಠಿತವಾಗುತ್ತದೆ. ಪರಾಗ ಸರಿಯಾಗಿ ಕೆಲಸಮಾಡದೆ ಹೂ ಉದುರುತ್ತದೆ. 10 ಡಿಗ್ರಿಯ ಸುತ್ತಮುತ್ತ ರಾತ್ರಿಯ ಮೇಲೆ ರಾತ್ರಿ ಕಳೆಯಬೇಕಾಗಿ ಬಂದರೆ ಎಳೆಯ ಸಸಿಗಳ ಎಲೆಗೂ ಬೇರಿಗೂ ಗಾಯವೇ ಆಗುತ್ತದೆ. ಹತ್ತು ಹನ್ನೆರಡು ಡಿಗ್ರಿಗೆ ಇಳಿಯುವ ಮುಂಜಾವುಗಳು ಮಲೆನಾಡಿಗೆ ಹೊಸತಲ್ಲ. ಘಾಟಿಯ ಕೆಳಗಿನ ಉಡುಪಿಯ ಬಳಿ, ಮಟ್ಟು ಗ್ರಾಮದಲ್ಲಿ ಹೆಸರುವಾಸಿಯಾದ ಗುಳ್ಳ ಬದನೆ ಬೆಳೆಯುತ್ತದೆ. ಅಲ್ಲಿ ಸಮುದ್ರವು ರಾತ್ರಿಯನ್ನು ಬೆಚ್ಚಗಿಡುತ್ತದೆ. ಬಾಳೆಬರೆ ಘಾಟಿಯನ್ನು ಹತ್ತಿ ಮಾಸ್ತಿಕಟ್ಟೆಗೆ ಬಂದರೆ ನಾವು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿರುತ್ತೇವೆ. ವಾರಾಹಿ ಯೋಜನೆಯ ನೀರು ಈ ಎತ್ತರದಿಂದಲೇ ಧುಮುಕಿ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ, ಕರಾವಳಿಗಿಂತ ಇಲ್ಲಿ ಸುಮಾರು 4 ಡಿಗ್ರಿ ಕಡಮೆ. ಬದನೆಯ ಸಸಿಗೆ ನಾಲ್ಕು ಡಿಗ್ರಿ ಸಣ್ಣ ಮಾತಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬದನೆಗೆ ಬರುವ ಎಲ್ಲ ಕೇಡಿಗೂ ಚಳಿಯೇ ಹೊಣೆಯಲ್ಲ. ಎಲೆ ಹಸುರಾಗಿರುವಾಗಲೇ, ಮಣ್ಣು ಒದ್ದೆಯಾಗಿರುವಾಗಲೇ ಗಿಡ ಇದ್ದಕ್ಕಿದ್ದಂತೆ ಬಾಡಿ ಜೋತುಬಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗವಾಗಿರಬಹುದು. ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟರೆ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿಯುವುದು ಆ ರೋಗದ ಗುರುತು. ಅದಕ್ಕೆ ಹೊದಿಕೆ ಮದ್ದಲ್ಲ. ರೋಗವನ್ನು ತಡೆಯುವ ತಳಿ ಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೇಶವ್, ಅರ್ಕಾ ನಿಧಿ ಮೊದಲಾದವು ಅಂಥ ತಳಿಗಳು. ರೋಗ ಯಾವುದು, ಚಳಿ ಯಾವುದು ಎಂದು ವಿಂಗಡಿಸಿಕೊಂಡ ಮೇಲೆಯೇ ಮುಂದಿನ ಮಾತು.

ಚಳಿ ಎಂದರೇನು? 'ಚಳಿ ಬಿತ್ತು', 'ಚಳಿ ಹೊಡೆಯಿತು' ಎಂದು ನಾವು ಹೇಳುತ್ತೇವೆ. ಈ ಮಾತುಗಳನ್ನು ಕೇಳಿದರೆ ಚಳಿಯೆಂಬುದು ಮೇಲಿನಿಂದ ಇಳಿದು ಬಂದು ಗಿಡವನ್ನು ಹೊಗುವ ಒಂದು ವಸ್ತು ಎಂದು ತೋರುತ್ತದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಬರುವುದು ಏನೂ ಇಲ್ಲ. ಹೋಗುವುದು ಮಾತ್ರ ಉಂಟು, ಮತ್ತು ಹಾಗೆ ಹೋಗುವುದು ಶಾಖ. ಉಷ್ಣತೆಯುಳ್ಳ ಪ್ರತಿಯೊಂದು ವಸ್ತುವೂ ಹಗಲಿರುಳೂ ವಿಕಿರಣದ ರೂಪದಲ್ಲಿ ಶಾಖವನ್ನು ಹೊರಸೂಸುತ್ತಿರುತ್ತದೆ. ಸ್ಟೀಫನ್ನನ ನಿಯಮದಂತೆ ಲೆಕ್ಕ ಹಾಕಿದರೆ 15 ಡಿಗ್ರಿಯಲ್ಲಿರುವ ನೆಲದ ಒಂದು ಚದರ ಮೀಟರು ಸುಮಾರು 390 ವಾಟ್ ಶಾಖವನ್ನು ಮೇಲಕ್ಕೆ ಕಳುಹಿಸುತ್ತದೆ. ವಾಯುಮಂಡಲದ ನೀರಾವಿಯೂ ಇಂಗಾಲದ ಡೈಆಕ್ಸೈಡೂ ತಮ್ಮ ಪಾಲಿನ ವಿಕಿರಣವನ್ನು ಕೆಳಕ್ಕೆ ಕಳುಹಿಸುತ್ತವೆ; ಮೋಡವಿಲ್ಲದ ರಾತ್ರಿಯಲ್ಲಿ ಅದು 300 ವಾಟಿನ ಆಸುಪಾಸಿನಲ್ಲಿರುತ್ತದೆ. ಆದಾಯಕ್ಕೂ ಖರ್ಚಿಗೂ ನಡುವೆ ಎಂಬತ್ತು ತೊಂಬತ್ತು ವಾಟಿನ ಕೊರತೆ. ಈ ಕೊರತೆಯೇ ಚಳಿ. ಮೋಡ ಕವಿದ ರಾತ್ರಿ ಬೆಚ್ಚಗಿರುವುದಕ್ಕೂ ಇದೇ ಕಾರಣ. ಮೋಡವು ಆಕಾಶಕ್ಕೆ ಹೊದಿಸಿದ ಕಂಬಳಿ; ನೆಲ ಕಳುಹಿಸಿದ ಶಾಖದ ಬಹುಭಾಗವನ್ನು ಅದು ಹಿಂತಿರುಗಿಸುತ್ತದೆ. ನಕ್ಷತ್ರಗಳು ಹೊಳೆಯುವ, ಗಾಳಿ ಅಲುಗದ ರಾತ್ರಿಯೇ ಬದನೆಗೆ ಅಪಾಯದ ರಾತ್ರಿ.

ಇಂಥ ರಾತ್ರಿಯಲ್ಲಿ ಗಿಡಕ್ಕೆ ಒಬ್ಬ ಮಿತ್ರನೂ ಇದ್ದಾನೆ. ಅವನೇ ಇಬ್ಬನಿ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 590 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಹತ್ತು ಗಂಟೆಗಳ ರಾತ್ರಿಯಲ್ಲಿ ಚದರ ಮೀಟರಿಗೆ 200 ಗ್ರಾಂ ಇಬ್ಬನಿ ಕೂತರೆ ಅದರಿಂದ ದೊರೆಯುವುದು ಸರಾಸರಿ 14 ವಾಟ್. ಎಂಬತ್ತು ವಾಟಿನ ಸಾಲದಲ್ಲಿ ಇದು ಆರನೆಯ ಒಂದು ಪಾಲಷ್ಟೆ. ಇಬ್ಬನಿಯು ಚಳಿಯನ್ನು ತರುತ್ತದೆ ಎಂದು ದೂರುವವರು ಈ ಲೆಕ್ಕವನ್ನು ಗಮನಿಸಬೇಕು. ಅದು ಚಳಿಯ ಫಲ, ಮತ್ತು ಚಳಿಯ ವೇಗವನ್ನು ತಗ್ಗಿಸುವ ಶಕ್ತಿ.

ಇಬ್ಬನಿಯ ಈ ರಹಸ್ಯವನ್ನು ಬಿಡಿಸಿದವನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ. 1814ರಲ್ಲಿ ಪ್ರಕಟವಾದ ಅವನ ಪ್ರಬಂಧ ಇಂದಿಗೂ ಸರಳ ಪ್ರಯೋಗಗಳ ಮಾದರಿಯಾಗಿ ಉಳಿದಿದೆ. ತೋಟಗಾರರು ಎಳೆಯ ಗಿಡಗಳ ಮೇಲೆ ತೆಳುವಾದ ಚಾಪೆಯನ್ನು ಹೊದಿಸುವುದನ್ನು ಕಂಡು, ಇಷ್ಟು ತೆಳುವಾದುದು ಗಾಳಿಯ ಚಳಿಯನ್ನು ಹೇಗೆ ತಡೆದೀತೆಂದು ಮೊದಲು ತಾನು ನಗುತ್ತಿದ್ದುದಾಗಿ ವೆಲ್ಸ್ ಬರೆದುಕೊಂಡಿದ್ದಾನೆ. ಮುಂದೆ ನಾಲ್ಕು ಕಡ್ಡಿಗಳನ್ನು ಹುಲ್ಲಿನಲ್ಲಿ ನೆಟ್ಟು, ಆರು ಅಂಗುಲ ಎತ್ತರದಲ್ಲಿ ಒಂದು ತೆಳುವಾದ ಕರವಸ್ತ್ರವನ್ನು ಕಟ್ಟಿ ಅಳೆದುನೋಡಿದ. ಸುತ್ತಲೂ ಗಾಳಿ ಆಡಲು ತೆರವಿದ್ದರೂ ಬಟ್ಟೆಯ ಕೆಳಗಿನ ಹುಲ್ಲು ಹೊರಗಿನ ಹುಲ್ಲಿಗಿಂತ ಹಲವು ಡಿಗ್ರಿ ಬೆಚ್ಚಗಿತ್ತು. ಚಾಪೆ ತಡೆದುದು ಗಾಳಿಯನ್ನಲ್ಲ, ಹುಲ್ಲಿಗೂ ಆಕಾಶಕ್ಕೂ ನಡುವಿನ ನೋಟವನ್ನು. ವಿದ್ಯೆಯಿಲ್ಲದವರೆಂದು ತಾನು ಭಾವಿಸಿದ್ದ ತೋಟಗಾರರಿಗೆ ತನಗಿಂತ ಹೆಚ್ಚು ಗೊತ್ತಿತ್ತೆಂಬುದನ್ನು ಒಪ್ಪಿಕೊಳ್ಳಲು ಅವನು ನಾಚಲಿಲ್ಲ.

ನಮ್ಮ ಮಲೆನಾಡಿನ ಹಿರಿಯರು ಸಸಿಮಡಿಯ ಮೇಲೆ ದಬ್ಬೆಯ ಚಪ್ಪರ ಹಾಕಿ ಅಡಿಕೆಯ ಸೋಗೆಯನ್ನು ಹೊದಿಸುವುದೂ ಇದೇ ತತ್ತ್ವ. ಈಗ ಆ ಸೋಗೆಯನ್ನು ಹಳೆಯ ಕಾಲದ್ದೆಂದು ಬದಿಗೆ ಸರಿಸಿ, ಪೇಟೆಯಿಂದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕೊಂಡು ತರುವ ಪರಿಪಾಠ ಹೆಚ್ಚುತ್ತಿದೆ. ಭೌತಶಾಸ್ತ್ರದ ದೃಷ್ಟಿಯಿಂದ ಇದು ಮುಂದುವರಿಕೆಯೆಂದು ಹೇಳಲಾಗದು. ತೆಳುವಾದ ಒಣ ಪಾಲಿಥೀನಿನ ಮೂಲಕ ನೆಲದ ಅವಕೆಂಪು ಕಿರಣಗಳು ಹೆಚ್ಚುಕಡಮೆ ತಡೆಯಿಲ್ಲದೆ ಹಾದುಹೋಗುತ್ತವೆ. ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಕೂತ ಮೇಲೆಯೇ ಅದಕ್ಕೆ ತಡೆಯುವ ಶಕ್ತಿ ಸ್ವಲ್ಪ ಬರುವುದು. ಎಲೆಗೆ ತಾಗಿದ ಕಡೆ ಅದು ಎಲೆಯನ್ನು ತನ್ನಷ್ಟೇ ತಣ್ಣಗೆ ಮಾಡುತ್ತದೆ. ಬೆಳಗ್ಗೆ ತೆಗೆಯಲು ಮರೆತರೆ ಬಿಸಿಲಿಗೆ ಸಸಿಯನ್ನು ಬೇಯಿಸುತ್ತದೆ. ಸೋಗೆ, ಭತ್ತದ ಹುಲ್ಲು, ಗೋಣಿತಾಟು ಇವು ಅವಕೆಂಪು ಕಿರಣಗಳಿಗೆ ಗೋಡೆಯಂತೆ. ದೊಡ್ಡ ಪ್ರಮಾಣದಲ್ಲಿ ಬೆಳೆಯುವವರಿಗೆ ಸರಿಯಾಗಿ ಕಟ್ಟಿದ ಹಸುರುಮನೆ ಲಾಭಕರವೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಐವತ್ತು ಗಿಡಗಳ ಹಿತ್ತಿಲಿಗೆ ತೋಟದಲ್ಲಿ ಬಿದ್ದ ಸೋಗೆಗಿಂತ ಉತ್ತಮವಾದ ಹೊದಿಕೆಯನ್ನು ಹಣ ಕೊಟ್ಟು ತರಬೇಕಾಗಿಲ್ಲ.

ಹೊದಿಕೆ ಎಂದೊಡನೆ ಇನ್ನೊಂದು ತಪ್ಪು ಕಲ್ಪನೆಯನ್ನೂ ದೂರಮಾಡಬೇಕು. ಗಿಡದ ಬುಡಕ್ಕೆ ತರಗೆಲೆಯನ್ನು ದಪ್ಪವಾಗಿ ಹೊದಿಸಿದರೆ ಚಳಿಯಿಂದ ರಕ್ಷಣೆ ಸಿಗುತ್ತದೆಂದು ಹಲವರ ನಂಬಿಕೆ. ಬೇಸಗೆಯಲ್ಲಿ ತೇವ ಉಳಿಸಲು, ಮಣ್ಣನ್ನು ಸಾರವತ್ತಾಗಿಸಲು ತರಗೆಲೆ ಬಹಳ ಒಳ್ಳೆಯದು. ಅದು ಬೇರನ್ನೂ ಬೆಚ್ಚಗಿಡುತ್ತದೆ. ಎಲೆಯ ಪಾಲಿಗೆ ಮಾತ್ರ ಅದು ಚಳಿಗಾಲದಲ್ಲಿ ಕೇಡನ್ನೇ ತರುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಮಣ್ಣು ರಾತ್ರಿಯಲ್ಲಿ ಶಾಖವನ್ನು ನಿಧಾನವಾಗಿ ಮೇಲಕ್ಕೆ ಬಿಟ್ಟುಕೊಡುತ್ತದೆ. ಎಲೆಗಳಿಗೆ ರಾತ್ರಿಯಿಡೀ ದೊರೆಯುವ ಮುಖ್ಯವಾದ ಆಸರೆ ಈ ಶಾಖವೇ. ನಡುವೆ ಒಣ ತರಗೆಲೆಯ ಪದರವಿದ್ದರೆ ಹಗಲು ಮಣ್ಣು ಕಾಯುವುದೂ ಇಲ್ಲ, ರಾತ್ರಿ ಶಾಖ ಮೇಲಕ್ಕೆ ಬರುವುದೂ ಇಲ್ಲ.

ಇದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಒಂದು ಸ್ವಾರಸ್ಯವಾದ ನಿದರ್ಶನವಿದೆ. ಯಂತ್ರಗಳಿಲ್ಲದ ಕಾಲದಲ್ಲಿ ಉತ್ತರ ಭಾರತದ ಅಲಹಾಬಾದಿನಂಥ ಊರುಗಳಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಮಂಜುಗಡ್ಡೆಯನ್ನು ತಯಾರಿಸುತ್ತಿದ್ದರು. 1775ರಲ್ಲಿ ಸರ್ ರಾಬರ್ಟ್ ಬಾರ್ಕರ್ ಎಂಬವನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವರ್ಣಿಸಿದ್ದಾನೆ. ಬಯಲಿನಲ್ಲಿ ತಗ್ಗು ಗುಂಡಿಗಳನ್ನು ತೋಡಿ, ಒಣಗಿದ ಕಬ್ಬಿನ ಅಥವಾ ಜೋಳದ ದಂಟನ್ನು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಆಕಾಶಕ್ಕೆ ತೆರೆದಿಡುತ್ತಿದ್ದರು. ಗಾಳಿಯ ಉಷ್ಣತೆ ಸೊನ್ನೆಗಿಂತ ಮೇಲಿದ್ದರೂ ಬೆಳಗಾಗುವಷ್ಟರಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು. ಮೇಲೆ ಬರಿಯ ಆಕಾಶ, ಕೆಳಗೆ ಭೂಮಿಯ ಶಾಖವನ್ನು ತಡೆಯುವ ಒಣ ಹಾಸು: ನೀರನ್ನು ಹೆಪ್ಪುಗಟ್ಟಿಸಲು ಬೇಕಾದ ಏರ್ಪಾಡು ಇದು. ತರಗೆಲೆಯ ಹಾಸಿನ ಮೇಲೆ ಹೊದಿಕೆಯಿಲ್ಲದೆ ನಿಲ್ಲಿಸಿದ ಬದನೆಯ ಸಸಿಗೆ ನಾವು ಮಾಡಿಕೊಡುತ್ತಿರುವ ಏರ್ಪಾಡೂ ಇದೇ ಅಲ್ಲವೆ?

ಹೊಗೆಯ ವಿಚಾರವೂ ಹೀಗೆಯೇ. ಕಸಕಡ್ಡಿಗೆ ಬೆಂಕಿ ಹಾಕಿ ಹೊಗೆ ಕವಿಯುವಂತೆ ಮಾಡಿದರೆ ಗಿಡಕ್ಕೆ ಬೆಚ್ಚಗಾಗುತ್ತದೆಂಬ ನಂಬಿಕೆ ಹಲವು ದೇಶಗಳಲ್ಲಿ ಉಂಟು. ನೆಲ ಸೂಸುವ ಅವಕೆಂಪು ಕಿರಣಗಳ ತರಂಗದೂರ ಸುಮಾರು 10 ಮೈಕ್ರಾನ್. ಹೊಗೆಯ ಕಣಗಳು ಬಹುಮಟ್ಟಿಗೆ ಒಂದು ಮೈಕ್ರಾನಿಗಿಂತ ಚಿಕ್ಕವು. ಇಷ್ಟು ಉದ್ದದ ತರಂಗಗಳನ್ನು ಅವು ಹೆಚ್ಚಾಗಿ ತಡೆಯಲಾರವು. ಕಾವಳದ ಹನಿಗಳಾದರೋ ಹತ್ತು ಮೈಕ್ರಾನಿನ ಆಸುಪಾಸಿನವು. ಅವು ಚೆನ್ನಾಗಿ ತಡೆಯುತ್ತವೆ. ಆದುದರಿಂದಲೇ ಕಾವಳ ಕವಿದ ರಾತ್ರಿ ಬದನೆಗೆ ಕ್ಷೇಮ, ಹೊಗೆ ಕವಿದ ರಾತ್ರಿ ನಮ್ಮ ಕಣ್ಣಿಗೆ ಉರಿ. ಗೊಬ್ಬರವಾಗಬೇಕಾದ ತರಗೆಲೆಯನ್ನು ಸುಟ್ಟು ಪಡೆಯುವ ಲಾಭ ಅತ್ಯಲ್ಪ.

ಇನ್ನು ಸ್ಥಳದ ಆಯ್ಕೆ. ತಣ್ಣಗಾದ ಗಾಳಿ ಭಾರವಾಗುತ್ತದೆ. ಭಾರವಾದ ಗಾಳಿ ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಎರಡು ಗುಡ್ಡಗಳ ನಡುವಿನ ಗದ್ದೆಯ ಬಯಲು ಇಂಥ ಮಡು. ಗುಡ್ಡದ ಮಗ್ಗುಲಿನ ಹಿತ್ತಿಲಿಗಿಂತ ಬಯಲು ಬೆಳಗಿನ ಜಾವದಲ್ಲಿ ಹೆಚ್ಚು ತಣ್ಣಗಿರುವುದನ್ನು ಮುಂಜಾನೆ ಗದ್ದೆಗೆ ಇಳಿದವರೆಲ್ಲರ ಕಾಲುಗಳೂ ಬಲ್ಲವು. ನೀರಿನ ಅನುಕೂಲಕ್ಕಾಗಿ ಬಯಲಿನಲ್ಲಿ ಬದನೆ ನೆಡುವುದು ಸರಿಯೇ. ಆದರೆ ಸಸಿಮಡಿಯನ್ನು ಮಗ್ಗುಲಿನ ಎತ್ತರದಲ್ಲಿ, ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ ಮಾಡುವುದು ಲೇಸು. ಇಳಿಜಾರಿನ ತೋಟಕ್ಕೆ ಕೆಳಗಡೆ ಒತ್ತಾದ ಬೇಲಿ ಇದ್ದರೆ ಅದು ತಣ್ಣನೆಯ ಗಾಳಿಗೆ ಒಡ್ಡಾಗುತ್ತದೆ. ಅಲ್ಲಲ್ಲಿ ಸಂದು ಬಿಟ್ಟರೆ ಗಾಳಿ ಹರಿದುಹೋಗುತ್ತದೆ.

ನೆಲದಿಂದ ಮೇಲಕ್ಕೆ ಹೋದಂತೆ ರಾತ್ರಿಯ ಚಳಿ ಹೇಗೆ ಬದಲಾಗುತ್ತದೆ? ಶಾಖವನ್ನು ಸೂಸುವುದು ನೆಲವಾದುದರಿಂದ ಅತ್ಯಂತ ತಣ್ಣಗಿರುವುದೂ ನೆಲವೇ ಎಂದು ಬಹುಕಾಲ ನಂಬಲಾಗಿತ್ತು. ಭಾರತದ ಕೃಷಿ ಹವಾಶಾಸ್ತ್ರದ ಜನಕರೆನಿಸಿದ ಎಲ್. ಎ. ರಾಮದಾಸ್ ಅವರು ಆತ್ಮನಾಥನ್ ಅವರೊಡನೆ 1932ರಲ್ಲಿ ಪ್ರಕಟಿಸಿದ ಅಳತೆಗಳು ಬೇರೆಯೇ ಸಂಗತಿಯನ್ನು ತೋರಿಸಿದವು. ಗಾಳಿಯಿಲ್ಲದ ನಿರ್ಮಲ ರಾತ್ರಿಯಲ್ಲಿ ಬರಿಯ ನೆಲದ ಮೇಲೆ, ಕೆಲವು ಅಂಗುಲಗಳಿಂದ ಒಂದೆರಡು ಅಡಿಗಳ ಎತ್ತರದಲ್ಲಿ, ಗಾಳಿಯ ಉಷ್ಣತೆ ನೆಲಕ್ಕಿಂತಲೂ ಕಡಮೆಯಾಗಿರುತ್ತದೆ. ಇದು ಉಪಕರಣದ ದೋಷವೆಂದು ಹಲವು ವಿದ್ವಾಂಸರು ಸಂಶಯಪಟ್ಟರು. ಮುಂದಿನ ದಶಕಗಳಲ್ಲಿ ಬೇರೆಯವರೂ ಎಚ್ಚರದಿಂದ ಅಳೆದು ಅದನ್ನು ಕಂಡ ಮೇಲೆ ಅದಕ್ಕೆ 'ರಾಮದಾಸ್ ಪದರ' ಎಂಬ ಹೆಸರು ನಿಂತಿತು. ಇದರ ವಿವರಣೆಗೆ ಬೆಂಗಳೂರಿನಲ್ಲಿ ವಿಶೇಷವಾದ ಕೆಲಸ ನಡೆದಿದೆ. ರೊದ್ದಂ ನರಸಿಂಹ ಅವರೂ ಅವರ ಸಹೋದ್ಯೋಗಿಗಳೂ 1993ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ಆಮೇಲೆ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಸಿದ್ಧಾಂತವನ್ನು ಮರುಪರೀಕ್ಷೆಗೆ ಒಳಪಡಿಸಿ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ಸೂಸುವ ವಿಕಿರಣವೇ ಮುಖ್ಯ ಕಾರಣವೆಂದು ಅಳತೆಗಳ ಆಧಾರದಿಂದ ವಾದಿಸಿದರು. ನಮ್ಮ ಓದುಗರು ಗಮನಿಸಬೇಕಾದುದು ಆ ಎತ್ತರವನ್ನು. ಒಂದು ಗೇಣು, ಒಂದು ಮೊಳ: ಬದನೆಯ ಸಸಿಯ ಎತ್ತರವೂ ಅಷ್ಟೇ. ಹವಾಮಾನ ಇಲಾಖೆಯ ಉಷ್ಣಮಾಪಕವಾದರೋ ಬಿಳಿಯ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ ಇರುತ್ತದೆ. ಪತ್ರಿಕೆಯಲ್ಲಿ 13 ಡಿಗ್ರಿ ಎಂದು ಓದಿ ಸಮಾಧಾನಪಡುವವರು, ಸಸಿಯ ಎಲೆ ಅನುಭವಿಸಿದ ಉಷ್ಣತೆ ಅದಕ್ಕಿಂತ ಕೆಲವು ಡಿಗ್ರಿ ಕೆಳಗಿರಬಹುದೆಂಬುದನ್ನು ಮರೆಯಬಾರದು.

ಇಷ್ಟರಿಂದ ಕೃಷಿಕನಿಗೆ ಒದಗುವ ನಿಯಮಗಳು ಕೆಲವೇ. ಸಂಜೆ ಬಿಸಿಲು ಇಳಿಯುವ ಮೊದಲೇ, ನೆಲದಲ್ಲಿ ಶಾಖ ಉಳಿದಿರುವಾಗ, ಸಸಿಗಳ ಮೇಲೆ ಸೋಗೆಯ ಚಪ್ಪರವನ್ನು ಎಲೆಗೆ ತಾಗದಂತೆ ಮುಚ್ಚಬೇಕು. ಬೆಳಗ್ಗೆ ಬಿಸಿಲು ಏರಿದೊಡನೆ ತೆಗೆಯಬೇಕು. ಚಳಿಯ ವಾರಗಳಲ್ಲಿ ಬುಡದ ತರಗೆಲೆಯನ್ನು ಪಕ್ಕಕ್ಕೆ ಸರಿಸಿ ಮಣ್ಣಿಗೆ ಬಿಸಿಲು ಕಾಣಿಸಬೇಕು. ನೀರನ್ನು ಸಂಜೆಗೆ ಬದಲಾಗಿ ಬೆಳಗ್ಗೆ, ಎಲೆಗೆ ಬೀಳದಂತೆ ಬುಡಕ್ಕೆ ಹಾಕಬೇಕು. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ, ರಾತ್ರಿ ಹೆಚ್ಚು ಸುಲಭವಾಗಿ ಮೇಲಕ್ಕೆ ಸಾಗಿಸುತ್ತದೆ. ಹತ್ತು ಲೀಟರ್ ನೀರು ಹತ್ತು ಡಿಗ್ರಿ ತಣ್ಣಗಾಗುವಾಗ ಬಿಟ್ಟುಕೊಡುವ ಶಾಖ ಒಂದು ಲಕ್ಷ ಕ್ಯಾಲೊರಿ. ಹಗಲು ಬಿಸಿಲಿಗೆ ಕಾದ ನೀರಿನ ಕೊಡಗಳನ್ನು ಸಂಜೆ ಚಪ್ಪರದ ಕೆಳಗೆ ಇಡುವುದೂ ಆದುದರಿಂದ ಯುಕ್ತಿಯುಕ್ತವೇ.

ನಾಲ್ಕು ಬದನೆಯ ಗಿಡಕ್ಕೆ ಇಷ್ಟೊಂದು ಶಾಸ್ತ್ರವೇ, ಘಾಟಿ ಹತ್ತಿ ಬರುವ ಲಾರಿಯಲ್ಲಿ ಎಲ್ಲ ತರಕಾರಿಯೂ ಬರುತ್ತದೆಯಲ್ಲ ಎಂದು ಕೆಲವರು ಕೇಳಬಹುದು. ನಿಜ, ಬರುತ್ತದೆ. ಆದರೆ ಲಾರಿಯ ಬದನೆಗೆ ಬೆಲೆ ಕಟ್ಟುವವರು ನಾವಲ್ಲ. ಹಿತ್ತಿಲಿನಲ್ಲಿ ಗಿಡ ಸತ್ತರೆ ಅದಕ್ಕೆ 'ದೃಷ್ಟಿ ತಾಗಿತು' ಎಂದೋ 'ನಮ್ಮ ಮಣ್ಣಿಗೆ ಬಾರದು' ಎಂದೋ ಕಾರಣ ಕೊಟ್ಟು ಕೈಚೆಲ್ಲುವ ಅಭ್ಯಾಸ ಗಿಡದ ನಷ್ಟಕ್ಕಿಂತ ದೊಡ್ಡ ನಷ್ಟ. ಒಂದು ಮನೆಯವರು ಹಾಗೆ ಕೈಚೆಲ್ಲಿದರೆ ಮುಂದಿನ ವರ್ಷ ಆ ಮನೆಯಲ್ಲಿ ಬೀಜವನ್ನೂ ಹಾಕುವುದಿಲ್ಲ. ಬೀಜ ಹಾಕದ ಮನೆಯಲ್ಲಿ ಊರಿನ ತಳಿಯೂ ಉಳಿಯುವುದಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಮನೆಗಳಿಂದಲೇ ಬರುತ್ತಾರೆ. ಸ್ಟೀಫನ್ನನ ನಿಯಮವನ್ನು ಅವರು ತಪ್ಪಿಲ್ಲದೆ ಬರೆಯಬಲ್ಲರು. ವೀನನ ನಿಯಮದಿಂದ ಸೂರ್ಯನ ಉಷ್ಣತೆಯನ್ನು ಕಂಡುಹಿಡಿಯಬಲ್ಲರು. ಅದೇ ನಿಯಮಗಳು ರಾತ್ರಿ ಹನ್ನೆರಡು ಗಂಟೆಗೆ ತಮ್ಮ ಹಿತ್ತಿಲಿನಲ್ಲಿ ದುಡಿಯುತ್ತಿವೆ ಎಂಬುದನ್ನು ಅವರಿಗೆ ಯಾರೂ ತೋರಿಸಿಲ್ಲ. ಈ ಲೋಪದ ಹೊಣೆ ಕಲಿಸುವ ನಮ್ಮ ವರ್ಗದ್ದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಿಸಿನೀರು ತಣ್ಣಗಾಗುವುದನ್ನು ಗಡಿಯಾರ ಹಿಡಿದು ಬರೆದುಕೊಳ್ಳುವಂತೆಯೇ, ಪುಷ್ಯ ಮಾಘಗಳಲ್ಲಿ ಹದಿನೈದು ದಿನ ಹಿತ್ತಿಲಿನ ಉಷ್ಣತೆಯನ್ನು ಬರೆದುಕೊಳ್ಳುವುದನ್ನೂ ಪ್ರಾಯೋಗಿಕ ಪಾಠವೆಂದು ಎಣಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಇದಕ್ಕೆ ಬೇಕಾದುದು ಎರಡು ಸಾಮಾನ್ಯ ಉಷ್ಣಮಾಪಕಗಳು. ಎರಡನ್ನೂ ಮೊದಲು ಒಂದೇ ಪಾತ್ರೆಯ ನೀರಿನಲ್ಲಿಟ್ಟು ಒಂದೇ ಅಂಕಿಯನ್ನು ತೋರಿಸುತ್ತವೆಯೇ ಎಂದು ಪರೀಕ್ಷಿಸಬೇಕು. ವ್ಯತ್ಯಾಸವಿದ್ದರೆ ಗುರುತು ಮಾಡಿಕೊಳ್ಳಬೇಕು. ಆಮೇಲೆ ಒಂದನ್ನು ಸೋಗೆಯ ಕೆಳಗೆ, ಇನ್ನೊಂದನ್ನು ಬಯಲಿನಲ್ಲಿ, ಸಸಿಯ ಎತ್ತರದಲ್ಲಿ ಕಡ್ಡಿಗೆ ಕಟ್ಟಬೇಕು. ಬಯಲಿನ ಉಷ್ಣಮಾಪಕದ ಬುರುಡೆಯೂ ಎಲೆಯಂತೆಯೇ ಆಕಾಶಕ್ಕೆ ಶಾಖವನ್ನು ಸೂಸುತ್ತದೆ. ಎಲೆಯ ಪಾಡನ್ನು ತಿಳಿಯಬಯಸುವ ನಮಗೆ ಅದು ಅನುಕೂಲವೇ. ರಾತ್ರಿಯ ಅತಿ ಕಡಮೆ ಉಷ್ಣತೆ ಸಾಮಾನ್ಯವಾಗಿ ಸೂರ್ಯೋದಯದ ಹೊತ್ತಿಗೆ ಒದಗುವುದರಿಂದ, ಬೆಳಕು ಹರಿಯುವಾಗ ಒಮ್ಮೆ ನೋಡಿದರೆ ಸಾಕು. ಪಕ್ಕದಲ್ಲಿ ಮೋಡವಿತ್ತೇ, ಗಾಳಿಯಿತ್ತೇ, ಇಬ್ಬನಿ ಬಿದ್ದಿತ್ತೇ ಎಂದು ಮೂರು ಕಂಬಸಾಲು ಬರೆದುಕೊಳ್ಳಬೇಕು. ಮೋಡದ ರಾತ್ರಿ ಎರಡು ಅಂಕಿಗಳೂ ಹತ್ತಿರ ಬರುವುದನ್ನೂ ನಿರ್ಮಲವಾದ ರಾತ್ರಿ ದೂರ ಸರಿಯುವುದನ್ನೂ ಕಂಡ ವಿದ್ಯಾರ್ಥಿಗೆ ವಿಕಿರಣದ ಪಾಠವನ್ನು ಎರಡನೆಯ ಸಲ ಹೇಳಿಕೊಡಬೇಕಾಗುವುದಿಲ್ಲ.

ಮಾಸ್ತಿಕಟ್ಟೆಯ ಒಂದು ಹಿತ್ತಿಲಿನಲ್ಲಿ, ಇನ್ನೊಂದು ಕೆಳಗಿನ ಬಯಲಿನಲ್ಲಿ, ಮತ್ತೊಂದು ಘಾಟಿಯಾಚೆಯ ಹೊಸಂಗಡಿಯಲ್ಲಿ ಮೂವರು ವಿದ್ಯಾರ್ಥಿಗಳು ಒಂದೇ ಹದಿನೈದು ದಿನ ಹೀಗೆ ಬರೆದಿಟ್ಟರೆ, ಎಲ್ಲಿ ಯಾವಾಗ ಬೀಜ ಹಾಕಬೇಕೆಂಬುದಕ್ಕೆ ಆ ಊರುಗಳಿಗೆ ತಮ್ಮದೇ ಆದ ಉತ್ತರ ದೊರೆಯುತ್ತದೆ. ಪುಷ್ಯ ಬರುವ ಮೊದಲೇ ಉಷ್ಣಮಾಪಕವನ್ನೂ ನಾಲ್ಕು ಸೋಗೆಯನ್ನೂ ಸಿದ್ಧಮಾಡಿಕೊಳ್ಳಿರಿ.